ಹೊಳೆಯುವ ರಬ್ಬರ್ ಮೀನು: ಬಣ್ಣ ನೋಡಿ ಅಲ್ಲ, ನೀರು ನೋಡಿ ಕೊಳ್ಳಿ

ಕೋಸಗಿ: ಗಾಳಕ್ಕೆ ಎರೆಹುಳು ಸಿಕ್ಕಿಸಿ ಕೆರೆ ದಂಡೆಯಲ್ಲಿ ತಾಸುಗಟ್ಟಲೆ ಕೂಡುವ ಕಾಲ ಇನ್ನೂ ಪೂರ್ತಿ ಹೋಗಿಲ್ಲ. ಆದರೆ ಅದರ ಪಕ್ಕದಲ್ಲೇ ಈಗ ಬೇರೆ ನಮೂನೆಯ ಗಾಳವೂ ಬೀಳುತ್ತಿದೆ. ಮೆತ್ತನೆಯ ಪ್ಲಾಸ್ಟಿಕ್‌ನಲ್ಲಿ ಎರಕ ಹೊಯ್ದ ಪುಟ್ಟ ಮೀನು, ಕಪ್ಪೆ, ಹುಳು. ಆಡುಮಾತಿನಲ್ಲಿ ಎಲ್ಲವೂ ‘ರಬ್ಬರ್ ಮೀನು’. ಕೆಲವು ಕತ್ತಲಲ್ಲಿ ಹಸಿರಾಗಿ ಮಿನುಗುತ್ತವೆ. ಇನ್ನು ಕೆಲವಕ್ಕೆ ನೋಟು ಪರೀಕ್ಷಿಸುವ ನೇರಳೆ ಟಾರ್ಚ್ ಹಿಡಿದರೆ ಕೆಂಡದಂತೆ ಹೊಳೆಯುತ್ತವೆ. ಮೊಬೈಲ್‌ನಲ್ಲಿ ವಿಡಿಯೊ ನೋಡಿ ತರಿಸಿಕೊಂಡವರ ಪ್ರಶ್ನೆ ಆಮೇಲೆ ಶುರುವಾಗುತ್ತದೆ: ‘ಇಷ್ಟು ಹೊಳಿತೈತಿ, ಮೀನ್ಯಾಕ ಬೀಳವಲ್ದು?’

ಉತ್ತರ ಪ್ಯಾಕೆಟ್‌ನಲ್ಲಿಲ್ಲ, ನೀರಿನಲ್ಲಿದೆ. ಕೊಡಂಗಲ್, ಕೋಸಗಿ ಕಡೆಯ ಕೆರೆಯ ನೀರೇ ಬೇರೆ, ಮಕ್ತಲ್, ಗದ್ವಾಲ ಕಡೆಯ ಕೃಷ್ಣೆಯ ನೀರೇ ಬೇರೆ. ಒಂದೇ ಬಣ್ಣ ಎರಡೂ ಕಡೆ ನಡೆಯದು.

ಎರಡೂ ಒಂದೇ ಅಲ್ಲ

ಮೊದಲ ಗೊಂದಲ ಹೆಸರಿನದು. ‘ಗ್ಲೋ’ ಮತ್ತು ‘ಯುವಿ’ ಎರಡೂ ಒಂದೇ ಎಂದು ತಿಳಿದವರು ಬಹಳ.

ಗ್ಲೋ ಎಂದರೆ ಬೆಳಕನ್ನು ಕುಡಿದಿಟ್ಟುಕೊಂಡು ಆಮೇಲೆ ನಿಧಾನವಾಗಿ ಬಿಡುವ ಗುಣ. ಗಡಿಯಾರದ ಮುಳ್ಳು ರಾತ್ರಿ ಮಿನುಗುವುದೂ ಹೀಗೆಯೇ. ಹಿಂದೆ ಇದಕ್ಕೆ ಝಿಂಕ್ ಸಲ್ಫೈಡ್ ಬಳಸುತ್ತಿದ್ದರು. 1990ರ ದಶಕದಲ್ಲಿ ಸ್ಟ್ರಾನ್ಷಿಯಂ ಅಲ್ಯುಮಿನೇಟ್ ಪುಡಿ ಬಂದ ಮೇಲೆ ಹೊಳಪೂ ಹೆಚ್ಚಿತು, ಬಾಳಿಕೆಯೂ ಹೆಚ್ಚಿತು. ಆದರೂ ಟಾರ್ಚ್ ಹಿಡಿದ ಮೊದಲ ಕೆಲವು ನಿಮಿಷದ ಜೋರು ಆಮೇಲೆ ಇರುವುದಿಲ್ಲ. ಆಗಾಗ ಹೊರಗೆ ತೆಗೆದು ಬೆಳಕು ಕುಡಿಸಲೇಬೇಕು.

ಯುವಿ ಮಾಲು ಏನನ್ನೂ ಕೂಡಿಡುವುದಿಲ್ಲ. ಬಿಸಿಲಿನಲ್ಲಿರುವ, ಕಣ್ಣಿಗೆ ಕಾಣದ ನೇರಳಾತೀತ ಕಿರಣ ಬಿದ್ದಾಗ ಅದನ್ನು ಕಾಣುವ ಬಣ್ಣವಾಗಿ ಮಾರ್ಪಡಿಸುತ್ತದೆ, ಅಷ್ಟೆ. ಕಿರಣ ನಿಂತಿತೋ, ಹೊಳಪೂ ನಿಂತಿತು. ಬಿಳಿ ಅಂಗಿಗೆ ಬಿಳುಪಿನ ಹೊಳಪು ಕೊಡುವ ಪುಡಿ ಹಾಕಿದರೆ ಬಿಸಿಲಿನಲ್ಲಿ ಬೆಳ್ಳಗೆ ಹೊಳೆಯುತ್ತದೆ, ಕತ್ತಲ ಕೋಣೆಯಲ್ಲಿ ಸುಮ್ಮನಿರುತ್ತದೆ. ಇದೂ ಹಾಗೆಯೇ. ಆದ್ದರಿಂದ ಅಮಾವಾಸ್ಯೆಯ ರಾತ್ರಿಗೆಂದು ಯುವಿ ಮಾಲು ಕೊಂಡವರ ದುಡ್ಡು ನೀರಿಗೆ ಬಿದ್ದಂತೆಯೇ. ಅದರ ಕೆಲಸ ಬೆಳಗಿನ ಜಾವ, ಸಂಜೆ ಮತ್ತು ಮೋಡ ಮುಸುಕಿದ ಹಗಲು.

ಕೆರೆ ಕೆಂಪು, ಹೊಳೆ ತಿಳಿ

ಮಳೆಗಾಲದಲ್ಲಿ ಇಲ್ಲಿಯ ಕೆರೆ, ಕುಂಟೆಗಳಿಗೆ ಹೊಲದ ಮಣ್ಣು ಇಳಿದು ನೀರು ಚಹಾದ ಬಣ್ಣಕ್ಕೆ ತಿರುಗುತ್ತದೆ. ಇಂಥ ರಾಡಿಯಲ್ಲಿ ನೇರಳಾತೀತ ಕಿರಣ ಬಹಳ ಕೆಳಗೆ ಇಳಿಯುವುದಿಲ್ಲ. ಮೇಲ್ಮೈಯಲ್ಲೇ ಮಣ್ಣಿನ ಕಣ ಮತ್ತು ಕೊಳೆತ ಎಲೆಯ ರಸ ಅದನ್ನು ಹೀರಿಬಿಡುತ್ತವೆ. ತಳದಲ್ಲಿ ಎಳೆಯುವ ಯುವಿ ಮೀನು ಅಲ್ಲಿ ಬರೀ ಪ್ಲಾಸ್ಟಿಕ್ ತುಂಡು.

ರಾಡಿ ನೀರಿಗೆ ಎರಡು ದಾರಿ. ಒಂದು, ಕಪ್ಪು ಅಥವಾ ದಟ್ಟ ನೀಲಿ. ಕೆಳಗಿನಿಂದ ನೋಡುವ ಮೀನಿಗೆ ಆಕಾಶದ ಬೆಳಕಿನ ಎದುರು ಅದರ ಆಕಾರ ಕಾಣುತ್ತದೆ. ಎರಡು, ಅಗಲ ಬಾಲದ ಮೀನು. ಎಳೆದಾಗ ಬಾಲ ಪಟಪಟ ಬಡಿದು ನೀರು ನಡುಗುತ್ತದೆ. ಮೀನಿನ ಮೈಯ ಪಕ್ಕದಲ್ಲಿ ಸಾಲಾಗಿರುವ ಸೂಕ್ಷ್ಮ ಅಂಗ ಆ ನಡುಕವನ್ನು ಹಿಡಿಯುತ್ತದೆ. ಕಣ್ಣು ಕಾಣದ ಕಡೆ ಬಣ್ಣಕ್ಕಿಂತ ಬಾಲ ಮೇಲು.

ಕೃಷ್ಣೆಯ ಲೆಕ್ಕ ಬೇರೆ. ಭೀಮೆ ಬಂದು ಕೂಡುವ ಸಂಗಮದಿಂದ ಜುರಾಲಾ ಜಲಾಶಯದವರೆಗೆ ಪ್ರವಾಹದ ದಿನಗಳಲ್ಲಿ ನೀರು ಕೆಂಪೇ. ಮಳೆ ನಿಂತು ಚಳಿ ಬೀಳುತ್ತಿದ್ದಂತೆ ಮಣ್ಣು ತಳ ಸೇರಿ ನೀರು ತಿಳಿಯಾಗತೊಡಗುತ್ತದೆ. ಮಕ್ತಲ್ ಭಾಗದ ಸಂಗಂಬಂಡದಂಥ ಜಲಾಶಯದಲ್ಲೂ ಹೀಗೆಯೇ. ಯುವಿ ಮಾಲಿನ ಬೆಲೆ ಗಿಟ್ಟುವುದಿದ್ದರೆ ಆ ತಿಂಗಳುಗಳಲ್ಲಿ. ಪಾಚಿಯಿಂದ ಹಸಿರಾದ ನೀರಿಗೆ ಗಿಳಿಹಸಿರು, ತಿಳಿ ನೀರಿಗೆ ಬೂದು ಅಥವಾ ಬೆಳ್ಳಿ ಬಣ್ಣದ ಮೈಗೆ ಅಲ್ಪಸ್ವಲ್ಪ ಯುವಿ ಹೊಳಪು ಸಾಕು. ತಿಳಿ ನೀರಿನಲ್ಲಿ ಅತಿಯಾಗಿ ಹೊಳೆದರೆ ಮೀನು ಬೆದರುವುದೂ ಉಂಟು.

ಯಾವ ಮೀನಿಗೆ ಯಾವುದು?

ತೆಲಂಗಾಣದ ರಾಜ್ಯ ಮೀನು ಕೊರ್ರಮೀನು. ಕನ್ನಡದಲ್ಲಿ ಇದೇ ಕೊರವ. ಜೊಂಡು, ತಾವರೆ ಎಲೆಯ ಮರೆಯಲ್ಲಿ ಹೊಂಚು ಹಾಕಿ ಎರಗುವ ಮೀನಿದು. ಇದಕ್ಕೆ ಹೊಳಪಿಗಿಂತ ಎಲೆಯ ಮೇಲೆ ಕುಪ್ಪಳಿಸುವ ರಬ್ಬರ್ ಕಪ್ಪೆ ಮುಖ್ಯ. ಗಾಳದ ಮೊನೆ ಮೈಯೊಳಗೆ ಅಡಗಿರುವ ಕಪ್ಪೆಯಾದರೆ ಜೊಂಡಿಗೆ ಸಿಕ್ಕಿಕೊಳ್ಳುವುದಿಲ್ಲ.

ತೆಲುಗಿನಲ್ಲಿ ವಾಲುಗ ಎನ್ನುವ ಬಾಳೆಮೀನು ರಾತ್ರಿ ಬೇಟೆಗಾರ. ಮೀಸೆಯಿಂದ ತಡವಿ, ವಾಸನೆ ಹಿಡಿದು ಬರುತ್ತದೆ. ಗ್ಲೋ ಮೀನು ಒಂದಿಷ್ಟು ಪ್ರಯೋಜನಕ್ಕೆ ಬರುವುದು ಇದಕ್ಕೇ. ರೋಹು, ಕಾಟ್ಲಾ ಹಿಡಿಯುವ ಆಸೆಯಿಂದ ಹೊಳೆಯುವ ಮೀನು ಕೊಳ್ಳುವುದು ಮಾತ್ರ ವ್ಯರ್ಥ. ಸಣ್ಣ ಮೀನನ್ನು ಬೆನ್ನಟ್ಟುವ ಜಾತಿಯಲ್ಲ ಅವು. ಅವಕ್ಕೆ ಇಂದಿಗೂ ಹಿಟ್ಟಿನ ಉಂಡೆಯೇ ಸೈ.

ಕೊಳ್ಳುವಾಗ, ಇಡುವಾಗ

ಅಂಗಡಿಯಲ್ಲೇ ಪರೀಕ್ಷೆ ಮಾಡಬಹುದು. ಮೊಬೈಲ್ ಟಾರ್ಚ್ ಅನ್ನು ಒಂದು ನಿಮಿಷ ಹಿಡಿದು, ಎರಡೂ ಅಂಗೈ ಮುಚ್ಚಿ ಒಳಗೆ ಇಣುಕಿದರೆ ಗ್ಲೋ ನಿಜವೋ ಸುಳ್ಳೋ ತಿಳಿಯುತ್ತದೆ. ಯುವಿ ಮಾಲಿಗೆ ನೋಟು ಪರೀಕ್ಷಿಸುವ ದೀಪವೇ ಸಾಕು. ಹೊಸಬರಿಗೆ ಮೂರ್ನಾಲ್ಕು ಇಂಚಿನದು ಸರಿ. ಒಂದು ಕಪ್ಪು, ಒಂದು ಗಿಳಿಹಸಿರು, ಒಂದು ಬೆಳ್ಳಿ, ಒಂದು ಗ್ಲೋ. ನಾಲ್ಕರ ಮೇಲೆ ಕೊಂಡದ್ದೆಲ್ಲ ಷೋಕಿ.

ಮನೆಗೆ ತಂದ ಮೇಲೆ ಎಲ್ಲವನ್ನೂ ಒಂದೇ ಡಬ್ಬಿಗೆ ತುರುಕಬಾರದು. ಒಂದರ ಬಣ್ಣ ಇನ್ನೊಂದಕ್ಕೆ ಇಳಿಯುತ್ತದೆ. ಬೇರೆ ಬೇರೆ ಬಗೆಯ ಪ್ಲಾಸ್ಟಿಕ್ ಒಂದಕ್ಕೊಂದು ತಾಗಿದರೆ ಕರಗಿ ಅಂಟಾಗುವುದೂ ಇದೆ. ಬಂದ ಪ್ಯಾಕೆಟ್‌ನಲ್ಲೇ, ಬಿಸಿಲು ತಾಗದ ಕಡೆ ಇಡುವುದು ಒಳ್ಳೆಯದು. ಹರಿದ ತುಂಡನ್ನು ನೀರಿಗೆ ಎಸೆಯಬಾರದು. ಅದು ಕೊಳೆಯುವುದಿಲ್ಲ, ಮೀನಿನ ಹೊಟ್ಟೆ ಸೇರುತ್ತದೆ.

ಜೀವಕ್ಕಿಂತ ಮೀನು ದೊಡ್ಡದಲ್ಲ

ಗ್ಲೋ ಮಾಲು ಕೈಗೆ ಬಂದ ಮೇಲೆ ರಾತ್ರಿ ಹೊಳೆಗೆ ಇಳಿಯುವ ಆಸೆ ಹುಟ್ಟುವುದು ಸಹಜ. ಮುಖ್ಯ ಮಾತು ಇಲ್ಲಿಯೇ ಇದೆ. ರಾಯಚೂರು ದಂಡೆಯ ಕುರುವಪುರದಿಂದ ಈಚೆಯ ಮಕ್ತಲ್ ದಂಡೆಯವರೆಗೆ ಕೃಷ್ಣೆಯಲ್ಲಿ ಮೊಸಳೆಗಳಿವೆ. ಹಗಲಿನಲ್ಲಿ ಬಂಡೆಯ ಮೇಲೆ ಕಾಣುವ ಮೊಸಳೆ ರಾತ್ರಿ ಕಾಣುವುದಿಲ್ಲ. ಮೊಣಕಾಲುದ್ದ ನೀರಿನಲ್ಲಿ ನಿಂತು ಗಾಳ ಎಸೆಯುವವನ ಕಣ್ಣು ಹಸಿರು ಚುಕ್ಕೆಯ ಮೇಲಿರುತ್ತದೆ, ಕಾಲ ಬಳಿ ಏನು ಬಂತೆಂದು ತಿಳಿಯುವುದಿಲ್ಲ.

ಮೇಲಿನ ನಾರಾಯಣಪುರ ಜಲಾಶಯದಿಂದ ನೀರು ಬಿಟ್ಟರೆ ಹೊಳೆ ಏರುತ್ತದೆ. ಜುರಾಲಾ ಗೇಟು ತೆರೆದರೆ ಅಣೆಕಟ್ಟಿನ ಕೆಳಗಿನ ಬಂಡೆಗಳು ನೋಡನೋಡುತ್ತ ಮುಳುಗುತ್ತವೆ. 2009ರ ಅಕ್ಟೋಬರ್ ಮತ್ತು 2019ರ ಆಗಸ್ಟ್ ಪ್ರವಾಹ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ದಂಡೆಯ ಮೇಲೆ, ಜೊತೆಗೊಬ್ಬರನ್ನು ಇಟ್ಟುಕೊಂಡು, ಹೊತ್ತು ಮುಳುಗುವವರೆಗೆ ಸಾಕು. ಮುಂಜಾವ, ಸಂಜೆಯಲ್ಲಿ ಯುವಿ ಮಾಲೇ ಕೆಲಸಕ್ಕೆ ಬರುವಾಗ ನಡುರಾತ್ರಿಯ ಗೋಜೇಕೆ?

ಇನ್ನೊಬ್ಬರ ಅನ್ನವೂ ಇದರಲ್ಲಿದೆ. ಕೆರೆಗಳಲ್ಲಿ ಮೀನು ಹಿಡಿಯುವ ಹಕ್ಕು ಸಾಮಾನ್ಯವಾಗಿ ಊರಿನ ಮೀನುಗಾರರ ಸಹಕಾರ ಸಂಘದ್ದು. ಬೆಸ್ತರ ಮನೆಗಳು ವರ್ಷವಿಡೀ ಕಾಯುವುದು ಅದೇ ಮೀನಿಗೆ. ಕೇಳದೆ ಗಾಳ ಹಾಕಿದರೆ ಹವ್ಯಾಸ ಹೋಗಿ ಕಳವು ಆಗುತ್ತದೆ. ‘ಹಾಕ್ಲೇನ್ರಿ?’ ಎಂದು ಒಂದು ಮಾತು ಕೇಳಿದರೆ ಯಾರೂ ಸಣ್ಣವರಾಗುವುದಿಲ್ಲ.

ಮಳೆಗಾಲದಲ್ಲಿ ನೀರಿನ ಮೇಲೆ ಕೆಂಪು ಮರಿಗಳ ಗುಂಪು ಗುಳುಗುಳು ಎನ್ನುತ್ತ ಸಾಗುವುದು ಕಂಡರೆ ಗಾಳ ಮಡಚಬೇಕು. ಅದು ಕೊರವದ ಸಂಸಾರ, ಕೆಳಗೆ ತಾಯಿ ತಂದೆ ಕಾವಲಿರುತ್ತವೆ. ಮರಿಯ ಮೇಲಿನ ಸಿಟ್ಟಿಗೆ ಯಾವ ಬಣ್ಣದ ರಬ್ಬರ್ ಎಸೆದರೂ ಅವು ಕಚ್ಚುತ್ತವೆ. ಕಚ್ಚಿದ್ದನ್ನು ಎಳೆದುಕೊಂಡರೆ ಸಿಗುವುದು ಒಂದು ಮೀನು. ಕಾವಲು ತಪ್ಪಿದ ಮರಿಗಳೆಲ್ಲ ಬೇರೆ ಮೀನುಗಳ ಬಾಯಿಗೆ. ಮುಂದಿನ ವರ್ಷದ ಕೆರೆ ತುಂಬುವುದು ಆ ಮರಿಗಳಿಂದಲೇ.