ಹೊಗೆಗೂಡಿನ ಹೊಣೆ

ವಿದ್ಯುದ್ದೀಪಗಳು ಬರುವ ಮುನ್ನ ನಮ್ಮ ಹಳ್ಳಿಗಳಲ್ಲಿ ಸಂಜೆಯಾಗುತ್ತಲೇ ತಪ್ಪದೆ ನಡೆಯುತ್ತಿದ್ದ ಕೆಲಸವೊಂದಿತ್ತು. ಲಾಟೀನಿನ ಗಾಜನ್ನು ಕಳಚಿ, ಅದರ ಒಳಮೈಗೆ ಹಿಡಿದ ಮಸಿಯನ್ನು ಬೂದಿ ಸವರಿದ ಬಟ್ಟೆಯಿಂದ ಒರೆಸಿ, ಬತ್ತಿಯ ಕರಿದ ತುದಿಯನ್ನು ಕತ್ತರಿಸಿ, ಬಳಿಕ ದೀಪ ಹಚ್ಚುತ್ತಿದ್ದರು. ಆ ಗಾಜಿಗೆ ಹಲವೆಡೆ ಚಿಮಣಿಯೆಂದೇ ಹೆಸರು. (ಇಂದು ಪಟ್ಟಣದ ಅಡುಗೆಮನೆಗಳಲ್ಲಿ ಒಲೆಯ ಮೇಲೆ ತೂಗುವ ವಿದ್ಯುತ್ ಯಂತ್ರವನ್ನೂ ಹೀಗೆಯೇ ಕರೆಯುತ್ತಾರೆ, ಅದರ ವಿಚಾರ ಇಲ್ಲಿ ಬೇಡ.) ಹೆಸರು ಇಂಗ್ಲಿಷಿನಿಂದ ಬಂದದ್ದಾದರೂ ಹೊಂದಿಕೆಯಲ್ಲಿ ತಪ್ಪಿಲ್ಲ. ಜ್ವಾಲೆಯಿಂದ ಕಾದ ಗಾಳಿ ಹಗುರವಾಗಿ ಗಾಜಿನೊಳಗೆ ಮೇಲೇರುತ್ತದೆ. ಆ ಸ್ಥಳವನ್ನು ತುಂಬಲು ಕೆಳಗಿನ ರಂಧ್ರಗಳಿಂದ ಹೊಸ ಗಾಳಿ ಒಳನುಗ್ಗುತ್ತದೆ. ದೀಪ ಸ್ಥಿರವಾಗಿ ಉರಿಯುತ್ತದೆ. ಮನೆಯ ಮಾಡಿನ ಮೇಲೆ ತಲೆಯೆತ್ತಿ ನಿಲ್ಲುವ ಹೊಗೆಗೂಡು ಮಾಡುವುದೂ ಇದೇ ಕೆಲಸವನ್ನು. ಇವೆರಡರ ನಡುವಣ ಮುಖ್ಯ ವ್ಯತ್ಯಾಸವೆಂದರೆ, ಗಾಜಿಗೆ ಹಿಡಿದ ಮಸಿ ಕಣ್ಣಿಗೆ ಕಾಣುತ್ತದೆ, ಇಟ್ಟಿಗೆಯ ಗೂಡಿನೊಳಗಿನ ಮಸಿ ಕಾಣುವುದಿಲ್ಲ. ಆದುದರಿಂದಲೇ ಲಾಟೀನಿನ ವಿಷಯದಲ್ಲಿ ಎಂದೂ ಏಳದ ಪ್ರಶ್ನೆಯೊಂದು ಹೊಗೆಗೂಡಿನ ವಿಷಯದಲ್ಲಿ ಏಳುತ್ತದೆ: ಅದನ್ನು ಎಷ್ಟು ಕಾಲಕ್ಕೊಮ್ಮೆ ಪರೀಕ್ಷಿಸಬೇಕು, ಎಷ್ಟು ಕಾಲಕ್ಕೊಮ್ಮೆ ಗುಡಿಸಬೇಕು?

ನಮ್ಮ ಹಳೆಯ ಅಡುಗೆಮನೆಗಳಲ್ಲಿ ಹೊಗೆಯು ಹೆಂಚಿನ ಸಂದಿಗಳಿಂದಲೂ ಬೆಳಕಿಂಡಿಯಿಂದಲೂ ತನ್ನ ದಾರಿಯನ್ನು ತಾನೇ ಹುಡುಕಿಕೊಳ್ಳುತ್ತಿತ್ತು. ಹೋಗಲಾರದ್ದು ಅಟ್ಟದಿಂದ ಇಲ್ಲಣವಾಗಿ ಜೋತಾಡುತ್ತಿತ್ತು. ಇಂಗ್ಲೆಂಡ್, ಜರ್ಮನಿ, ಉತ್ತರ ಅಮೆರಿಕಗಳಂತಹ ಶೀತಪ್ರದೇಶಗಳಲ್ಲಿ ಇದು ಸಾಧ್ಯವಿಲ್ಲ. ಅಲ್ಲಿ ತಿಂಗಳುಗಟ್ಟಲೆ ಬಾಗಿಲು ಕಿಟಕಿಗಳನ್ನು ಬಿಗಿಯಾಗಿ ಮುಚ್ಚಿಕೊಂಡು, ಒಳಗೆ ಹಗಲಿರುಳೂ ಬೆಂಕಿಯನ್ನು ಇಟ್ಟುಕೊಂಡಿರಬೇಕು. ಇಂಗ್ಲೆಂಡಿನಲ್ಲಿ 16 ಮತ್ತು 17ನೆಯ ಶತಮಾನಗಳಲ್ಲಿ ಸಾಮಾನ್ಯರ ಮನೆಗಳಿಗೂ ಹೊಗೆಗೂಡು ಬಂದಿತು. ಬೆಂಕಿಯನ್ನು ಒಳಗಿರಿಸಿ ಹೊಗೆಯನ್ನು ಹೊರಗಟ್ಟುವ ಈ ಉಪಾಯದಿಂದ ಮನೆಯ ಬಾಳು ಎಷ್ಟೋ ಹಸನಾಯಿತು. ಆದರೆ ಅದರೊಡನೆಯೇ ಹೊಸ ಅಪಾಯವೂ ಬಂದು ಸೇರಿತು.

ಕಟ್ಟಿಗೆ ಸಂಪೂರ್ಣವಾಗಿ ಉರಿದರೆ ಅದರಿಂದ ಹೊರಡುವುದು ಮುಖ್ಯವಾಗಿ ಕಾರ್ಬನ್ ಡೈಆಕ್ಸೈಡ್ ಮತ್ತು ನೀರಾವಿ, ಉಳಿಯುವುದು ಬೂದಿ. ಮನೆಯ ಒಲೆಯಲ್ಲಿ ಅಂತಹ ಪೂರ್ಣ ದಹನ ಅಪರೂಪ. ಉರಿಯದೆ ಉಳಿದ ಇಂಗಾಲದ ಕಣಗಳೂ ಟಾರಿನಂತಹ ಆವಿಗಳೂ ಹೊಗೆಯೊಡನೆ ಮೇಲೇರುತ್ತವೆ. ಗೂಡಿನ ಮೇಲುಭಾಗದ ಗೋಡೆ ತಣ್ಣಗಿರುತ್ತದೆಯಾಗಿ, ಆ ಆವಿಗಳು ಅಲ್ಲಿ ಸಾಂದ್ರೀಕರಿಸಿ ಅಂಟಿಕೊಳ್ಳುತ್ತವೆ. ಈ ಅಂಟನ್ನು ಕ್ರಿಯೋಸೋಟ್ ಎನ್ನುತ್ತಾರೆ. ಅದು ಒಮ್ಮೆ ಹುಡಿಯಾಗಿ, ಒಮ್ಮೆ ಹಕ್ಕಳೆಯಾಗಿ, ಕೊನೆಗೆ ಅರಗಿನಂತೆ ಹೊಳೆಯುವ ಗಟ್ಟಿ ಲೇಪವಾಗಿ ಬೆಳೆಯುತ್ತದೆ. ಹಸಿಯ ಕಟ್ಟಿಗೆಯ ತೂಕದಲ್ಲಿ ಸುಮಾರು ಅರ್ಧದಷ್ಟು ನೀರೇ ಇರಬಹುದು. ಆ ನೀರನ್ನು ಆವಿಯಾಗಿಸುವುದರಲ್ಲಿ ಶಾಖ ವ್ಯಯವಾಗಿ, ಬೆಂಕಿ ಮಂದವಾಗಿ, ಹೊಗೆ ತಣ್ಣಗಾಗಿ, ಅಂಟು ಬೇಗ ಬೇಗ ಬೆಳೆಯುತ್ತದೆ. ರಾತ್ರಿಯಿಡೀ ಕೆಂಡ ಉಳಿಯಲೆಂದು ಗಾಳಿಯನ್ನು ತಡೆದು ಬೆಂಕಿಯನ್ನು ಕುಮುಲಗೊಡುವ ಮನೆಗಳಲ್ಲಿಯೂ ಹೀಗೆಯೇ ಆಗುತ್ತದೆ. ಒಂದು ವರ್ಷಕ್ಕೂ ಮೇಲ್ಪಟ್ಟು ಒಣಗಿಸಿದ, ನೀರಿನ ಅಂಶ ನೂರಕ್ಕೆ 20ಕ್ಕಿಂತ ಕಡಿಮೆಯಿರುವ ಕಟ್ಟಿಗೆಯನ್ನು ಚೆನ್ನಾಗಿ ಉರಿಸುವ ಮನೆಯಲ್ಲಿ ಮಸಿ ಬಲು ನಿಧಾನವಾಗಿ ಕೂಡುತ್ತದೆ.

ಕ್ರಿಯೋಸೋಟ್ ತಾನೇ ಒಂದು ಇಂಧನ. ಒಲೆಯ ಕಿಡಿಯೊಂದು ಅದಕ್ಕೆ ತಾಕಿದರೆ ಗೂಡಿನೊಳಗೇ ಬೆಂಕಿ ಹತ್ತುತ್ತದೆ. ಆಗ ಒಳಗಿನ ಉಷ್ಣತೆ 1,000 ಡಿಗ್ರಿ ಸೆಲ್ಸಿಯಸ್ಸನ್ನೂ ಮೀರಬಲ್ಲದು. ಇಟ್ಟಿಗೆಗಳು ಬಿರಿದು, ಗಾರೆ ಉದುರಿ, ಜ್ವಾಲೆ ಮಾಡಿನ ತೊಲೆಗಳಿಗೆ ಹರಡುತ್ತದೆ. ಇಂತಹ ಬೆಂಕಿ ಕೆಲವೊಮ್ಮೆ ಭೋರ್ಗರೆಯುತ್ತ ಬರುತ್ತದೆ. ಕೆಲವೊಮ್ಮೆ ಸದ್ದಿಲ್ಲದೆ ಹೊತ್ತಿ, ಸದ್ದಿಲ್ಲದೆ ಆರಿಹೋಗುತ್ತದೆ. ಎರಡನೆಯದೇ ಹೆಚ್ಚು ವಂಚಕ. ಮನೆಯವರಿಗೆ ತಿಳಿಯದಂತೆಯೇ ಗೂಡು ಒಡೆದಿರುತ್ತದೆ. ಮುಂದಿನ ಸಲ ಬೆಂಕಿ ಹತ್ತಿದಾಗ ಅದಕ್ಕೆ ಹೊರಬರಲು ದಾರಿ ಸಿದ್ಧವಾಗಿರುತ್ತದೆ.

ಬೆಂಕಿಯೇ ಇಲ್ಲದೆಯೂ ಕೊಲ್ಲುವ ಶಕ್ತಿ ಕಟ್ಟಿಕೊಂಡ ಗೂಡಿಗೆ ಉಂಟು. ಹೊಗೆಗೆ ಮೇಲೇರಲು ಎಡೆಯಿಲ್ಲದಾಗ ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲ ಕೋಣೆಗೆ ಮರಳುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನನ್ನು ಅದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮಿಗಿಲಾದ ಬಲದಿಂದ ಹಿಡಿದುಕೊಳ್ಳುತ್ತದೆ. ಮಲಗಿದವರು ಏಳುವುದೇ ಇಲ್ಲ. ಫ್ರಾನ್ಸಿನ ಪ್ರಖ್ಯಾತ ಕಾದಂಬರಿಕಾರ ಎಮಿಲ್ ಜೋಲಾ 1902ರ ಸೆಪ್ಟೆಂಬರಿನಲ್ಲಿ ಪ್ಯಾರಿಸ್ಸಿನ ತಮ್ಮ ಮನೆಯ ಮಲಗುವ ಕೋಣೆಯಲ್ಲಿ ಮೃತರಾದದ್ದು ಹೀಗೆಯೇ. ಪಕ್ಕದಲ್ಲಿದ್ದ ಅವರ ಪತ್ನಿ ಬದುಕುಳಿದರು. ಜೋಲಾರವರಿಗೆ ರಾಜಕೀಯ ವೈರಿಗಳು ಅನೇಕರಿದ್ದುದರಿಂದ, ಆ ಗೂಡನ್ನು ಯಾರೋ ಬೇಕೆಂದೇ ಮುಚ್ಚಿದರೆಂಬ ಸಂದೇಹ ಇಂದಿಗೂ ಉಳಿದಿದೆ. ಹಗೆಗಳಿಲ್ಲದ ಮನೆಯಲ್ಲಿ ಆ ಕೆಲಸವನ್ನು ಹಕ್ಕಿಯ ಗೂಡೊಂದೇ ಮಾಡಬಲ್ಲದು. ಇಂಗ್ಲೆಂಡಿನ ಜ್ಯಾಕ್‌ಡಾ ಎಂಬ ಕಾಗೆಯ ಜಾತಿಯ ಹಕ್ಕಿ ಹೊಗೆಗೂಡಿನೊಳಗೆ ಕಡ್ಡಿಗಳನ್ನು ತುಂಬಿ ಮನೆ ಹೂಡುವುದರಲ್ಲಿ ಬಲು ಜಾಣ.

ಗೂಡನ್ನು ಗುಡಿಸಲೇಬೇಕೆಂಬುದು ಯುರೋಪಿನ ಜನರಿಗೆ ಹಿಂದಿನಿಂದಲೂ ತಿಳಿದಿತ್ತು. ಆದರೆ ಗುಡಿಸುವವರು ಯಾರು? ಕಲ್ಲಿದ್ದಲಿನ ಬಳಕೆ ಹೆಚ್ಚಿದಂತೆ ಇಂಗ್ಲೆಂಡಿನಲ್ಲಿ ಹೊಗೆಯ ನಾಳಗಳು ಕಿರಿದಾದವು, ಅಂಕುಡೊಂಕಾದವು. 9 ಅಂಗುಲ ಅಗಲ, 14 ಅಂಗುಲ ಉದ್ದದ ನಾಳವೇ ಸಾಮಾನ್ಯವಾಗಿತ್ತು. ಅದಕ್ಕಿಂತ ಇಕ್ಕಟ್ಟಾದವೂ ಇದ್ದವು. ಅಂತಹ ಕತ್ತಲೆಯ ಬಿಲದೊಳಗೆ ಮೊಣಕೈ ಮೊಣಕಾಲುಗಳನ್ನು ಊರಿ ಹತ್ತಬಲ್ಲವರು ಎಳೆಯ ಮಕ್ಕಳು ಮಾತ್ರ. ಅನಾಥರನ್ನೂ ಕಡುಬಡವರ ಮಕ್ಕಳನ್ನೂ ಐದಾರು ವರ್ಷದ ವಯಸ್ಸಿನಲ್ಲಿಯೇ ಈ ಕಸುಬಿನ ಒಡೆಯರಿಗೆ ಒಪ್ಪಿಸುತ್ತಿದ್ದರು. ಎಳೆಯ ಚರ್ಮ ಗಟ್ಟಿಯಾಗಲೆಂದು ಮೊಣಕಾಲುಗಳಿಗೆ ಉಪ್ಪುನೀರನ್ನು ತಿಕ್ಕಿ ಬೆಂಕಿಯ ಮುಂದೆ ನಿಲ್ಲಿಸುತ್ತಿದ್ದರು. ಹತ್ತಿದವರಲ್ಲಿ ಕೆಲವರು ತಿರುವುಗಳಲ್ಲಿ ಸಿಕ್ಕಿಕೊಂಡು ಉಸಿರುಗಟ್ಟಿ ಸತ್ತರು. ಲಂಡನ್ನಿನ ಶಸ್ತ್ರವೈದ್ಯ ಪರ್ಸಿವಲ್ ಪಾಟ್ 1775ರಲ್ಲಿ, ಈ ಕಸುಬಿನವರಿಗೆ ಬರುತ್ತಿದ್ದ ಒಂದು ಬಗೆಯ ಚರ್ಮದ ಕ್ಯಾನ್ಸರಿಗೆ ಮೈಗೆ ಹತ್ತಿದ ಮಸಿಯೇ ಕಾರಣವೆಂದು ತೋರಿಸಿದನು. ವೃತ್ತಿಯೊಂದರಿಂದ ಕ್ಯಾನ್ಸರ್ ಬರುತ್ತದೆಂದು ವೈದ್ಯಶಾಸ್ತ್ರ ಗುರುತಿಸಿದ್ದು ಅಲ್ಲಿಂದ ಮೊದಲ್ಗೊಂಡು.

1788ರ ಕಾನೂನು ಎಂಟು ವರ್ಷಕ್ಕಿಂತ ಚಿಕ್ಕವರನ್ನು ಈ ಕೆಲಸಕ್ಕೆ ತೆಗೆದುಕೊಳ್ಳಬಾರದೆಂದಿತು. ಅದನ್ನು ಯಾರೂ ಲೆಕ್ಕಿಸಲಿಲ್ಲ. ಜಾರ್ಜ್ ಸ್ಮಾರ್ಟ್ ಎಂಬಾತ 1803ರಲ್ಲಿಯೇ ಗೂಡು ಗುಡಿಸುವ ಸಾಧನವೊಂದನ್ನು ರೂಪಿಸಿದ್ದನು. 1828ರಲ್ಲಿ ಜೋಸೆಫ್ ಗ್ಲಾಸ್ ಎಂಬಾತ, ಒಂದಕ್ಕೊಂದು ಜೋಡಿಸಬಹುದಾದ ಬೆತ್ತದ ಕೋಲುಗಳ ತುದಿಗೆ ಕುಂಚವನ್ನು ಸಿಕ್ಕಿಸಿ, ಕೆಳಗಿನಿಂದಲೇ ಗೂಡನ್ನು ಗುಡಿಸುವ ಸುಲಭೋಪಾಯವನ್ನು ತೋರಿಸಿಕೊಟ್ಟನು. 1840ರ ಕಾನೂನು 21 ವರ್ಷಕ್ಕಿಂತ ಚಿಕ್ಕವರು ಗೂಡನ್ನು ಹತ್ತುವುದನ್ನು ನಿಷೇಧಿಸಿತು. ಕುಂಚವಿತ್ತು, ಕಾನೂನಿತ್ತು, ಆದರೂ ಇನ್ನೂ 35 ವರ್ಷಗಳ ಕಾಲ ಮಕ್ಕಳು ಹತ್ತುತ್ತಲೇ ಇದ್ದರು! ಕುಂಚದಿಂದ ಮಸಿ ಚೆಲ್ಲಿ ರತ್ನಗಂಬಳಿ ಕೆಡುವುದೆಂದು ಅನೇಕ ಮನೆಯೊಡೆಯರು ಹುಡುಗರನ್ನೇ ಬಯಸುತ್ತಿದ್ದರು. ಗೂಡಿನ ತಿರುವುಗಳನ್ನು ಸರಿಪಡಿಸುವ ಖರ್ಚಿಗಿಂತ ಹುಡುಗನ ಕೂಲಿ ಅಗ್ಗವಾಗಿತ್ತು. 1875ರ ಫೆಬ್ರುವರಿಯಲ್ಲಿ ಕೇಂಬ್ರಿಜ್ ಸಮೀಪದ ಫುಲ್ಬೋರ್ನಿನ ಮಾನಸಿಕ ಚಿಕಿತ್ಸಾಲಯದಲ್ಲಿ ಜಾರ್ಜ್ ಬ್ರೂಸ್ಟರ್ ಎಂಬ ಬಾಲಕ ನಾಳವೊಂದರಲ್ಲಿ ಸಿಕ್ಕಿಕೊಂಡನು. ಗೋಡೆಯನ್ನು ಒಡೆದು ಅವನನ್ನು ಹೊರತೆಗೆದರಾದರೂ ಸ್ವಲ್ಪ ಹೊತ್ತಿನಲ್ಲಿಯೇ ಅವನ ಪ್ರಾಣ ಹೋಯಿತು. ಅವನ ಒಡೆಯನಿಗೆ ಆರು ತಿಂಗಳ ಕಠಿಣ ಶಿಕ್ಷೆಯಾಯಿತು. ಬಹುಕಾಲದಿಂದ ಈ ಮಕ್ಕಳ ಪರವಾಗಿ ಹೋರಾಡುತ್ತಿದ್ದ ಲಾರ್ಡ್ ಶಾಫ್ಟ್ಸ್‌ಬರಿ ಆ ವರ್ಷವೇ ಹೊಸ ಕಾನೂನನ್ನು ತಂದನು. ಗೂಡು ಗುಡಿಸುವ ಪ್ರತಿಯೊಬ್ಬನೂ ವರ್ಷವರ್ಷವೂ ಪೊಲೀಸರಿಂದ ಪರವಾನಗಿ ಪಡೆಯಬೇಕೆಂಬ ನಿಯಮ ಬಂದ ಮೇಲೆಯೇ ಈ ಅನಾಚಾರ ನಿಂತಿತು.

ಇಂದು ಆ ಕೆಲಸವನ್ನು ಮಾಡುವವರು ತರಬೇತಿ ಪಡೆದ ವಯಸ್ಕರು. ಅವರ ಕೈಯಲ್ಲಿರುವುದು ಗ್ಲಾಸನ ಕುಂಚದ ವಂಶಕ್ಕೇ ಸೇರಿದ ಸಾಧನ. ಜೊತೆಗೆ ಮಸಿಯನ್ನು ಹೀರುವ ಯಂತ್ರ, ನಾಳದೊಳಗೆ ಇಳಿಬಿಡುವ ಪುಟ್ಟ ಕ್ಯಾಮೆರಾ. ಅವರನ್ನು ಎಷ್ಟು ಸಲ ಕರೆಸಬೇಕೆಂಬುದಕ್ಕೆ ಉತ್ತರ ಹೇಳುವಾಗ, ಪರೀಕ್ಷೆ ಬೇರೆ, ಗುಡಿಸುವುದು ಬೇರೆ ಎಂಬುದನ್ನು ಗಮನದಲ್ಲಿಡಬೇಕು. ಅಮೆರಿಕದ ರಾಷ್ಟ್ರೀಯ ಅಗ್ನಿರಕ್ಷಣಾ ಸಂಘದ ನಿಯಮದಂತೆ ಪ್ರತಿಯೊಂದು ಹೊಗೆಗೂಡನ್ನೂ ವರ್ಷಕ್ಕೆ ಒಮ್ಮೆಯಾದರೂ ಪರೀಕ್ಷಿಸಬೇಕು. ಬೆಂಕಿಯನ್ನೇ ಹಾಕದ ಗೂಡೂ ಇದಕ್ಕೆ ಹೊರತಲ್ಲ, ಹಕ್ಕಿಗಳೂ ಮಳೆಯೂ ಹಿಮವೂ ಅದನ್ನು ಬಿಟ್ಟಿರುವುದಿಲ್ಲವಷ್ಟೆ. ಗುಡಿಸುವುದಾದರೋ ಪಂಚಾಂಗವನ್ನು ನೋಡಿ ಮಾಡುವ ಕೆಲಸವಲ್ಲ. ಗೋಡೆಯ ಮೇಲಿನ ಮಸಿ ಅಂಗುಲದ ಎಂಟನೆಯ ಒಂದು ಪಾಲಿನಷ್ಟು, ಎಂದರೆ ಸುಮಾರು 3 ಮಿಲಿಮೀಟರು, ದಪ್ಪವಾದರೆ ಕಾಲ ಬಂದಿತೆಂದೇ ಅರ್ಥ. ಬ್ರಿಟನ್ನಿನಲ್ಲಿ ಇಂಧನವನ್ನು ನೋಡಿ ಸಲಹೆ ಕೊಡುತ್ತಾರೆ: ಕಟ್ಟಿಗೆಯನ್ನು ಉರಿಸುವ ಕಾಲದಲ್ಲಿ ಮೂರು ತಿಂಗಳಿಗೊಮ್ಮೆ, ಸಾಧಾರಣ ಕಲ್ಲಿದ್ದಲಿಗೆ ವರ್ಷಕ್ಕೆ ಎರಡು ಬಾರಿ, ಹೊಗೆರಹಿತ ಇಂಧನಕ್ಕೆ ವರ್ಷಕ್ಕೆ ಒಮ್ಮೆಯಾದರೂ. ಜರ್ಮನಿಯಲ್ಲಿ ಇದು ಮನೆಯವರ ಇಷ್ಟಕ್ಕೆ ಬಿಟ್ಟ ವಿಷಯವಲ್ಲ. ವರ್ಷವಿಡೀ ಉರಿಯುವ ಕಟ್ಟಿಗೆಯ ಒಲೆಯ ಗೂಡನ್ನು ನಾಲ್ಕು ಸಲ, ಅಪರೂಪಕ್ಕೆ ಉರಿಯುವುದನ್ನು ಒಂದು ಸಲ ಗುಡಿಸಬೇಕೆಂದು ಕಾನೂನೇ ವಿಧಿಸುತ್ತದೆ. ಇದಲ್ಲದೆ ಏಳು ವರ್ಷಗಳಲ್ಲಿ ಎರಡು ಬಾರಿ ಅಧಿಕೃತ ಪರೀಕ್ಷಕ ಮನೆಗೆ ಬಂದು ಒಲೆಗಳನ್ನೆಲ್ಲ ನೋಡುತ್ತಾನೆ. ಹೊಸವರ್ಷದ ದಿನ ದಾರಿಯಲ್ಲಿ ಕರಿಯ ಉಡುಪಿನ ಗೂಡು ಗುಡಿಸುವವನು ಎದುರಾದರೆ ಶುಭಶಕುನವೆಂದು ಅಲ್ಲಿನ ಜನ ನಂಬುವುದರಲ್ಲಿ ಆಶ್ಚರ್ಯವಿಲ್ಲ.

ಕರ್ನಾಟಕದ ಹಳ್ಳಿಗಳಿಗೂ ಈ ಪ್ರಶ್ನೆ ಬಂದದ್ದುಂಟು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಎಂಬ ವಿಭಾಗ, ಮೂರು ಪಾತ್ರೆಗಳನ್ನು ಒಟ್ಟಿಗೆ ಇಡಬಹುದಾದ, ಹೊಗೆಕೊಳವೆಯುಳ್ಳ ಕಟ್ಟಿಗೆಯ ಒಲೆಯನ್ನು ರೂಪಿಸಿತು. 1980ರ ದಶಕದಲ್ಲಿ ‘ಅಸ್ತ್ರ ಒಲೆ’ ಎಂಬ ಹೆಸರಿನಿಂದ ಅದು ಮನೆಮನೆಗೆ ಹೋಯಿತು. ಸೌದೆ ಉಳಿಯಿತು, ತಾಯಂದಿರ ಕಣ್ಣುರಿಯೂ ಕೆಮ್ಮೂ ತಗ್ಗಿದವು. ಆದರೆ ಒಲೆಯನ್ನು ಹಾಕಿಕೊಟ್ಟವರು ಹೋದ ಮೇಲೆ ಕೊಳವೆಯನ್ನು ಗುಡಿಸದೆ ಬಿಟ್ಟ ಮನೆಗಳಲ್ಲಿ ಮಸಿ ಕಟ್ಟಿ, ಸೆಳೆತ ತಗ್ಗಿ, ಹೊಗೆ ಹಿಂದಿನಂತೆಯೇ ಅಡುಗೆಮನೆಯನ್ನು ತುಂಬಿತು. ಕೆಲವರು ಒಲೆಯನ್ನೇ ದೂರಿ ಕಿತ್ತುಹಾಕಿದರು. ಗೂಡು ಮಾತನಾಡದಿದ್ದರೂ ಸೂಚನೆಯನ್ನು ಕೊಡುತ್ತದೆ. ಒಲೆ ಹಚ್ಚಿದಾಗ ಹೊಗೆ ಬಾಯಿಯ ಕಡೆಗೆ ತಿರುಗಿದರೆ, ಕೊಳವೆಯ ತುದಿಯಲ್ಲಿ ಹೊಗೆ ತೆಳುವಾಗಿ ಹೊರಟರೆ, ಒಳಗೆ ದಾರಿ ಕಟ್ಟಿದೆಯೆಂದು ತಿಳಿಯಬೇಕು. ಒಲೆ ಪೂರ್ತಿ ಆರಿದ ಮೇಲೆ, ಉದ್ದನೆಯ ಬಿದಿರ ಗಳುವಿನ ತುದಿಗೆ ತೆಂಗಿನ ನಾರಿನ ದಪ್ಪ ಕುಚ್ಚನ್ನು ಬಿಗಿದು, ಕೊಳವೆಯಲ್ಲಿ ನಾಲ್ಕಾರು ಬಾರಿ ಮೇಲೆ ಕೆಳಗೆ ಆಡಿಸಿದರೆ ಮಸಿ ಕೆಳಗೆ ಉದುರುತ್ತದೆ. ಅದನ್ನು ತಗಡಿನ ಮೊರದಲ್ಲಿ ತುಂಬಿ ಹೊರಗೆ ಹಾಕಿದರಾಯಿತು.