ನೆಲದ ಮನೆಯೋ, ಕುರ್ಚಿಯ ಮನೆಯೋ?

ಮನೆ ಕಟ್ಟಿಸುವವರಲ್ಲಿ ಹಲವರು ಎರಡು ಆಸೆಗಳ ನಡುವೆ ಸಿಕ್ಕಿಕೊಳ್ಳುತ್ತಾರೆ. ಒಂದು, ಅಜ್ಜಿ ಮನೆಯ ಕಂಬ, ಕೆಂಪು ನೆಲ, ತೂಗುಮಣೆ. ಇನ್ನೊಂದು, ಹಳೆಯ ಬೆಂಗಳೂರಿನ ಬಂಗಲೆಯ ಬೆತ್ತದ ಕುರ್ಚಿ, ಪರದೆ, ರತ್ನಗಂಬಳಿ. ಎರಡೂ ಹಿತವಾದ ಮನೆಗಳೇ. ಆದರೆ ಅವುಗಳ ವ್ಯತ್ಯಾಸವಿರುವುದು ಸಾಮಾನಿನಲ್ಲಲ್ಲ, ಮನೆಮಂದಿ ಕೂರುವ ರೀತಿಯಲ್ಲಿ.

ತೊಟ್ಟಿಮನೆ ನೆಲದ ಮೇಲೆ ಕೂರುವವರದು. ನಡುವಿನ ತೆರೆದ ತೊಟ್ಟಿಯಿಂದ ಬೆಳಕು ಇಳಿಯುತ್ತದೆ, ಬಿಸಿಗಾಳಿ ಮೇಲೇರಿ ಹೊರಹೋಗುತ್ತದೆ. ಚಾಪೆ ಹಾಸಿ ಕುಳಿತವರ ಕಣ್ಣು ನೆಲದಿಂದ ಎರಡೂವರೆ ಅಡಿ ಎತ್ತರದಲ್ಲಿರುವುದರಿಂದ ಇಲ್ಲಿನ ಅಂದವೆಲ್ಲ ಕೆಳಗೇ ಇದೆ: ರಂಗೋಲಿ, ಹೊಸ್ತಿಲು, ಕಂಬದ ಬುಡ. ಮಲೆನಾಡಿನ ದೀವರ ಹೆಣ್ಣುಮಕ್ಕಳು ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿ ಬಣ್ಣದಿಂದ, ಪುಂಡಿನಾರಿನ ಕುಂಚ ಹಿಡಿದು ಬರೆಯುವ ಹಸೆಚಿತ್ತಾರವನ್ನೇ ನೋಡಿ. ಹಸೆಯೆಂದರೆ ಮದುಮಕ್ಕಳು ಕೂರುವ ಜಾಗ. ಚಿತ್ರದ ಹೆಸರಿನಲ್ಲೇ ಕೂರುವುದು ಸೇರಿಕೊಂಡಿದೆ!

ಕೆಂಪು ನೆಲಕ್ಕೆ ಸಿಮೆಂಟಿನ ಜೊತೆ ರೆಡ್ ಆಕ್ಸೈಡ್ ಬೆರೆಸಿ, ಕರಣೆಯಿಂದ ನಯವಾಗಿ ತಿಕ್ಕಿ, ದಿನಗಟ್ಟಲೆ ನೀರುಣಿಸಬೇಕು. ಆಮೇಲೆ ಬರಿಗಾಲು ಓಡಾಡಿದಷ್ಟೂ ಹೊಳಪು. ನಮ್ಮ ಮನೆಯದು ಮೂರೇ ತಿಂಗಳಲ್ಲಿ ಬಿರುಕು ಬಿಟ್ಟಿತು. ಅವಸರ ನನ್ನದು, ಮೇಸ್ತ್ರಿಯದಲ್ಲ.

ಬಂಗಲೆಯ ಕಥೆ ಬೇರೆ. ಹೆಸರು ಬಂಗಾಳದಿಂದ ಬಂದದ್ದು. ಬೆಂಗಳೂರಿನಲ್ಲಿ 1809ರಲ್ಲಿ ಕಂಟೋನ್ಮೆಂಟ್ ಸ್ಥಾಪನೆಯಾದ ಮೇಲೆ ಈ ಬಗೆಯ ಮನೆಗಳು ಅಲ್ಲಿ ಹಬ್ಬಿದವು. ಬಾಸೆಲ್ ಮಿಶನ್ 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆಯಿತು. ಮುಂದೆ ಮಂಗಳೂರು ಹೆಂಚು ಇಂಥ ಮನೆಗಳ ಮಾಡಿಗೂ ಏರಿತು. ಇಲ್ಲಿ ಎಲ್ಲರೂ ಕುರ್ಚಿಯ ಮೇಲೆ. ಆದ್ದರಿಂದ ಕಿಟಕಿ ಎತ್ತರ, ಪಟಗಳು ಗೋಡೆಯ ಮೇಲ್ಭಾಗಕ್ಕೆ, ನೆಲಕ್ಕೆ ಕಂಬಳಿ.

ತೊಡಕು ಬರುವುದು ಬೆರಕೆಯಲ್ಲಿ. ಕೆಡವಿದ ಮನೆಯ ಕಂಬ ಕೊಂಡು ತಂದು ಸೋಫಾದ ಹಿಂದೆ ನಿಲ್ಲಿಸಿದರೆ ಅದು ಹೊರುವುದಕ್ಕೆ ಏನೂ ಇಲ್ಲದೆ ಪೆಚ್ಚಾಗಿ ನಿಲ್ಲುತ್ತದೆ. ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಅಳಿಯಲಿದ್ದ ಹಳೆಯ ಮನೆಗಳನ್ನು ಬಿಡಿಬಿಡಿಯಾಗಿ ತಂದು ಮತ್ತೆ ಇಡೀ ಮನೆಗಳಾಗಿಯೇ ನಿಲ್ಲಿಸಿದರು. ಅಲ್ಲಿ ಕಂಬಕ್ಕೆ ಕೆಲಸವಿದೆ.

ಹಾಗಾದರೆ ಯಾವುದನ್ನು ಆರಿಸಬೇಕು? ನಿಮ್ಮ ಮನೆಯವರು ಸಂಜೆ ಎಲ್ಲಿ ಕೂರುತ್ತಾರೆಂದು ಒಂದು ವಾರ ಗಮನಿಸಿ. ಮಂಡಿನೋವಿನ ತಾಯಿಯಿದ್ದರೆ ನೆಲದ ಮನೆ ಅವರಿಗೆ ಶಿಕ್ಷೆ. ಅಂಥವರಿಗೆ ಹಳಬರ ಜಗಲಿಯೇ ಸರಿ. ಗೋಡೆಗೆ ತಾಗಿ ಒಂದೂವರೆ ಅಡಿ ಎತ್ತರ, ಎರಡೂವರೆ ಅಡಿ ಅಗಲ ಕಟ್ಟಿಸಿದರೆ ಅಜ್ಜಿ ಕಾಲು ಇಳಿಬಿಟ್ಟು ಕೂರಬಹುದು, ಮೊಮ್ಮಗು ಪಕ್ಕದಲ್ಲೇ ಮಲಗಬಹುದು.