ಯೂರೋಪಿನ ಕಾಡು ಕಾನೂನು ಮತ್ತು ನಮ್ಮ ತೋಟದ ನೆರಳು ಮರ



“ಎಲ್ಲೋ ಯೂರೋಪಿನಲ್ಲಿ ಕಾಡು ಉಳಿಸುವ ಕಾನೂನು ಮಾಡಿದರೆ ನನ್ನ ಎರಡೆಕರೆ ಕಾಫಿಗೇನು?” ಈ ಪ್ರಶ್ನೆಯನ್ನು ಈಚೆಗೆ ಸಂಘದ ಕಚೇರಿಯಲ್ಲಿ ಪದೇ ಪದೇ ಕೇಳುತ್ತಿದ್ದೇನೆ. ನಂಜನಗೂಡು, ತಿ. ನರಸೀಪುರದ ನಾಲಾ ಬಯಲಿನಲ್ಲಿ ಅಡಿಕೆಯದೇ ಹೆಚ್ಚು ಮಾತು. ಕಾಫಿ ಇರುವುದು ಕೆಲವರಿಗೆ ಅಡಿಕೆಯ ಸಾಲಿನ ನಡುವೆ, ಕೆಲವರಿಗೆ ಕೊಡಗಿನ ಕಡೆಯ ತೋಟದಲ್ಲಿ. ಆದರೂ ವಿಷಯ ಎಲ್ಲರಿಗೂ ತಿಳಿದಿರಲಿ.

ಯೂರೋಪ್ ಒಕ್ಕೂಟದ 27 ದೇಶಗಳಿಗೆ ಅನ್ವಯಿಸುವ ಈ ಕಾನೂನು ಆದದ್ದು 2023ರಲ್ಲಿ. ದನ, ಕೋಕೋ, ಕಾಫಿ, ತಾಳೆ ಎಣ್ಣೆ, ರಬ್ಬರು, ಸೋಯಾ, ಮರ ಈ 7 ಸರಕುಗಳೂ ಇವುಗಳಿಂದಾದ ಕೆಲವು ಪದಾರ್ಥಗಳೂ 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ನೆಲದಿಂದ ಬಂದಿದ್ದರೆ ಅಲ್ಲಿನ ಮಾರುಕಟ್ಟೆಗೆ ಪ್ರವೇಶವಿಲ್ಲ. ಅಡಿಕೆ ಈ ಪಟ್ಟಿಯಲ್ಲಿಲ್ಲ. ಜಾರಿಯ ದಿನ ಎರಡು ಸಲ ಮುಂದಕ್ಕೆ ಹೋಗಿ, ದೊಡ್ಡ ವ್ಯಾಪಾರಸ್ಥರಿಗೆ 2026ರ ಡಿಸೆಂಬರ್ 30, ಸಣ್ಣವರಿಗೆ 2027ರ ಜೂನ್ 30 ಎಂದು ಗೊತ್ತಾಗಿದೆ.

ಕಾಡು ಉಳಿಯಬೇಕೆಂಬುದಕ್ಕೆ ನಮ್ಮದೇನೂ ತಕರಾರಿಲ್ಲ. ಕಪಿಲೆ ಬರುವುದು ವಯನಾಡಿನ ಬೆಟ್ಟಗಳಿಂದ, ಕಾವೇರಿ ಕೊಡಗಿನಿಂದ. ಎರಡೂ ಕೂಡುವುದು ತಿರುಮಕೂಡಲಿನಲ್ಲಿ. 2024ರ ಜುಲೈ 30ರಂದು ವಯನಾಡಿನ ಮುಂಡಕ್ಕೈ, ಚೂರಲ್‌ಮಲೆಯಲ್ಲಿ ಗುಡ್ಡ ಕುಸಿದು ನೂರಾರು ಜನ ಸತ್ತರು. ಅದೇ ಮಳೆಗೆ ಕಪಿಲೆ ಉಕ್ಕಿ ನಂಜನಗೂಡಿನ ಬಳಿ ಮೈಸೂರು ರಸ್ತೆಗೂ ನೀರು ನುಗ್ಗಿತು. ಮೇಲಿನ ಬೆಟ್ಟದ ಸ್ಥಿತಿ ಕೆಳಗಿನ ತೋಟಕ್ಕೆ ತಟ್ಟುತ್ತದೆಂದು ನಮಗೆ ಯಾರೂ ಪಾಠ ಹೇಳಬೇಕಿಲ್ಲ.

ತಕರಾರು ಇರುವುದು ಮಾಡಿದ ರೀತಿಯಲ್ಲಿ. 1992ರ ರಿಯೋ ಸಮ್ಮೇಳನದಲ್ಲಾಗಲಿ, 2015ರ ಪ್ಯಾರಿಸ್ ಒಪ್ಪಂದದಲ್ಲಾಗಲಿ ರಾಷ್ಟ್ರಗಳೆಲ್ಲ ಎದುರುಬದುರು ಕುಳಿತು ಮಾತನಾಡಿದವು. ಹೊಣೆ ಎಲ್ಲರದು, ಆದರೆ ಎಲ್ಲರ ಪಾಲು ಒಂದೇ ಅಲ್ಲ ಎಂದು ಒಪ್ಪಿದವು. ಕಾಡು ಮತ್ತು ಮರ ಬೆಳೆಸಿ 2030ರೊಳಗೆ 250ರಿಂದ 300 ಕೋಟಿ ಟನ್ ಇಂಗಾಲದ ಡೈ ಆಕ್ಸೈಡನ್ನು ಹೆಚ್ಚಾಗಿ ಹೀರಿಸುವುದಾಗಿ ಭಾರತವೂ ಮಾತು ಕೊಟ್ಟಿದೆ. ಯೂರೋಪಿನ ಕಾನೂನಾದರೋ ಕೊಳ್ಳುವವನು ಒಬ್ಬನೇ ಬರೆದ ಷರತ್ತು. ಭಾರತವೂ ಸೇರಿ ಹಲವು ದೇಶಗಳು ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ ಇದರ ಬಗ್ಗೆ ಆಕ್ಷೇಪ ಎತ್ತಿದ್ದು ಸರಿಯೆಂದೇ ನನ್ನ ಅಭಿಪ್ರಾಯ.

ಆಕ್ಷೇಪ ಒಂದು ಕಡೆ ಇರಲಿ. ನಮಗೆ ನಿಜವಾದ ತೊಡಕು ನೆರಳು ಮರದಲ್ಲಿದೆ. ಬ್ರೆಜಿಲಿನಲ್ಲಿ ಕಾಫಿ ಬಹುಪಾಲು ಬಯಲಿನಲ್ಲಿ ಬೆಳೆಯುತ್ತದೆ. ನಮ್ಮದು ಹಲಸು, ಅತ್ತಿ, ನಂದಿ, ಸಿಲ್ವರ್ ಓಕ್ ಮರಗಳ ಕೆಳಗೆ. ಆಕಾಶದಿಂದ ನೋಡುವ ಉಪಗ್ರಹಕ್ಕೆ ಇಂತಹ ತೋಟವೂ ಕಾಡಿನಂತೆಯೇ ಕಾಣುವ ಸಂಭವವಿದೆ. ನೀವು ಬೆಳೆಸಿದ ನಾಲ್ಕು ಸಿಲ್ವರ್ ಓಕ್ ಕಡಿದರೆ, ಕಾಡು ಕಡಿದರೆಂದು ನಕ್ಷೆ ಹೇಳೀತು! ಮರಗಳ ನಡುವೆ ಕೃಷಿ ಮಾಡುವ ನೆಲ ಕಾಡಲ್ಲವೆಂದು ಆ ಕಾನೂನಿನಲ್ಲೇ ಇದೆ, ನಿಜ. ಆದರೆ ಅದನ್ನು ತೋರಿಸಲು ಕೈಯಲ್ಲಿ ಕಾಗದ ಬೇಕು. ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಕಾಫಿಗಂತೂ ಸುತ್ತಲೂ ಕಾಡೇ. 2006ರ ಅರಣ್ಯ ಹಕ್ಕು ಕಾಯ್ದೆಯಡಿ ಕೊಟ್ಟ ಹಕ್ಕುಪತ್ರ ಅಂತಹವರಿಗೆ ಎಷ್ಟು ಮುಖ್ಯವೆಂದು ಊಹಿಸಿಕೊಳ್ಳಿ.

2025ರ ಮೇ ತಿಂಗಳಲ್ಲಿ ಒಕ್ಕೂಟವು ಭಾರತವನ್ನು ಕಡಿಮೆ ಅಪಾಯದ ದೇಶಗಳ ಸಾಲಿಗೆ ಸೇರಿಸಿತು. ಇದರಿಂದ ತಪಾಸಣೆ ಕಡಿಮೆಯಾಗುತ್ತದೆಯೇ ಹೊರತು, ಆಮದುದಾರರು ಕೇಳುವ ತೋಟದ ಸ್ಥಳದ ವಿವರ ತಪ್ಪುವುದಿಲ್ಲ. 4 ಹೆಕ್ಟೇರ್, ಎಂದರೆ ಸುಮಾರು 10 ಎಕರೆವರೆಗಿನ ತೋಟಕ್ಕೆ ಅಕ್ಷಾಂಶ ರೇಖಾಂಶದ ಒಂದು ಬಿಂದು ಸಾಕು. ಹೆಚ್ಚಾದರೆ ಗಡಿಯ ಸುತ್ತ ಗುರುತು ಹಾಕಬೇಕು. ಕಾಫಿ ಮಂಡಳಿಯು ಇದಕ್ಕಾಗಿ ಮೊಬೈಲ್ ಆಪ್ ಮೂಲಕ ನೋಂದಣಿ ನಡೆಸುತ್ತಿದೆ.

ಒಬ್ಬೊಬ್ಬರೇ ಹೋದರೆ, ಕಾಗದವಿಲ್ಲವೆಂಬ ನೆಪದಲ್ಲಿ ವ್ಯಾಪಾರಿ ಚೀಲಕ್ಕೆ ಇಷ್ಟೆಂದು ಬೆಲೆ ಮುರಿಯುತ್ತಾನೆ. ಆದ್ದರಿಂದ ಕಾಫಿ ಇರುವ ಸದಸ್ಯರು ಪಹಣಿಯ ನಕಲನ್ನು ಸಂಘದ ಕಚೇರಿಗೆ ತರಬೇಕಾಗಿ ಕೋರಿಕೆ. ಪಹಣಿ ಇನ್ನೂ ತಂದೆ, ತಾತನ ಹೆಸರಿನಲ್ಲಿರುವವರು ಪೌತಿ ಖಾತೆಯ ಅರ್ಜಿಯನ್ನು ಈಗಲೇ ಹಾಕಿ. ನೆರಳು ಮರ ಕಡಿಯುವ ಮುನ್ನ ತಾರೀಖು ಬೀಳುವಂತೆ ತೋಟದ ಫೋಟೋ ತೆಗೆದು, ಪರವಾನಗಿ ಚೀಟಿಯ ಜೊತೆಗಿಡಿ.